ಬಸ್ಸಿನಲ್ಲಿ ಒತ್ತಕ್ಷರ ತಪ್ಪದ ಹಾಗೆ

ಕನ್ನಡ ಟೈಪ್ ಮಾಡಿಕೊಡುವುದು ನನ್ನ ಕೆಲಸ. ವಾರಕ್ಕೆ ಮೂರು ದಿನ ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಬಸ್ಸು. ಸುಮಾರು 60 ಕಿಲೋಮೀಟರ್. ದಾರಿಯಲ್ಲೇ ಒಂದೆರಡು ಪುಟ ಮುಗಿದರೆ ರಾತ್ರಿ ಅಷ್ಟು ಹಗುರ.

ಮೊದಲು ಲ್ಯಾಪ್‌ಟಾಪಿನಲ್ಲಿ ಕಪ್ಪು ಪರದೆ, ಬಿಳಿ ಅಕ್ಷರ ಇಟ್ಟುಕೊಂಡಿದ್ದೆ. ಕಣ್ಣಿಗೆ ತಂಪು ಅಂತ ಕೇಳಿದ್ದೆ. ಮನೆಯಲ್ಲಿ ಸರಿ. ಹಗಲಲ್ಲಿ ಕಿಟಕಿ ಪಕ್ಕ ಕೂತರೆ ಆ ಪರದೆ ಕನ್ನಡಿಯಾಗಿಬಿಡುತ್ತದೆ. ನನ್ನ ಮುಖ, ಕಿಟಕಿಯ ಸರಳು, ಓಡುವ ಮರಗಳು ಎಲ್ಲ ಅದರಲ್ಲೇ. ಬಸ್ಸು ಅದುರಿದಾಗ ಅಕ್ಷರದ ಅಂಚೂ ಕದಡುತ್ತದೆ. ಕನ್ನಡಕ್ಕೆ ಇದರ ಪೆಟ್ಟು ಜಾಸ್ತಿ. ಬ, ಭ ಬೇರೆಯಾಗುವುದು ಕೆಳಗಿನ ಒಂದು ಸಣ್ಣ ಸೀಳಿನಿಂದ. ಒತ್ತಕ್ಷರ ಇನ್ನೂ ಚಿಕ್ಕದು.

ನಾನು ಬಳಸುವುದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ. ಅದರಲ್ಲಿ ಒತ್ತು ಬರಲು ನಡುವೆ ಎಫ್ ಒತ್ತಬೇಕು. ಬಸ್ಸು ಗುಂಡಿಗೆ ಇಳಿದು ಬೆರಳು ತಪ್ಪಿದರೆ ‘ಅಕ್ಕ’ ಹೋಗಿ ‘ಅಕಕ’. ಶಿಫ್ಟ್ ಒತ್ತುವುದು ತಪ್ಪಿದರೆ ‘ಭ’ ಹೋಗಿ ‘ಬ’. ಒಬ್ಬರ ಪಾಲುಪಟ್ಟಿಯ ಕರಡಿನಲ್ಲಿ ‘ಭಾಗ’ ಮೂರು ಕಡೆ ‘ಬಾಗ’ ಆಗಿತ್ತು. ಆ ಮನೆಯ ಅಜ್ಜ ಬೆರಳಿಟ್ಟು ತೋರಿಸಿದಾಗ ತುಂಬಾ ಬೇಜಾರಾಯಿತು. ಬೆರಳು ತಪ್ಪುವುದು ಸಹಜ. ತಪ್ಪಿದ್ದು ಕಣ್ಣಿಗೆ ಬೀಳಲೇ ಇಲ್ಲ, ಅದೇ ತೊಂದರೆ.

ಈಗ ತಿಳಿ ಕೆನೆ ಬಣ್ಣದ ಹಿನ್ನೆಲೆ, ಕಪ್ಪು ಅಕ್ಷರ. ಬೆಳಕಿನ ಪರದೆ ನೋಡುವಾಗ ಕಣ್ಣಿನ ಪಾಪೆ ಕಿರಿದಾಗಿ ಅಂಚು ಚೂಪಾಗಿ ಕಾಣುತ್ತದೆ. ಅಕ್ಷರ 20 ಪಾಯಿಂಟ್. ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ, ಒತ್ತು ಕೆಳಗಿನ ಸಾಲಿಗೆ ತಾಗಬಾರದು ಅಲ್ವಾ? ಕತ್ತಲಾದ ಮೇಲೆ ಬಣ್ಣ ಅದೇ, ಬೆಳಕು ಮಾತ್ರ ಇಳಿಸುತ್ತೇನೆ.

ಹಿಂದಿನ ಚಕ್ರದ ಮೇಲಿನ ಸೀಟು ಬೇಡವೇ ಬೇಡ. ಮುಂದಿನ, ಹಿಂದಿನ ಚಕ್ರಗಳ ನಡುವೆ ಕೂತರೆ ಎತ್ತಿ ಹಾಕುವುದು ಕಡಿಮೆ. ತೊಡೆ ಮೇಲೆ ಬಟ್ಟೆ ಬ್ಯಾಗು, ಅದರ ಮೇಲೆ ಲ್ಯಾಪ್‌ಟಾಪ್. ಅಂಗೈ ಬುಡವನ್ನು ಲ್ಯಾಪ್‌ಟಾಪಿಗೇ ಊರುತ್ತೇನೆ. ಆಗ ಕೈಯೂ ಕೀಲಿಮಣೆಯೂ ಒಟ್ಟಿಗೇ ಅದುರುತ್ತವೆ, ಗುರಿ ಅಷ್ಟಾಗಿ ತಪ್ಪುವುದಿಲ್ಲ. ಎಫ್ ಕೀಲಿ ಮೇಲಿನ ಸಣ್ಣ ಉಬ್ಬು ತೋರುಬೆರಳಿಗೆ ದಾರಿ ತೋರಿಸುತ್ತದೆ. ಟಚ್‌ಪ್ಯಾಡ್ ಆಫ್ ಮಾಡಿಬಿಡಿ, ಇಲ್ಲದಿದ್ದರೆ ಅಂಗೈ ತಾಗಿ ಕರ್ಸರ್ ಎಲ್ಲಿಗೋ ಹಾರುತ್ತದೆ.

ಹೊಟ್ಟೆ ತೊಳಸಿದರೆ ತಕ್ಷಣ ಮುಚ್ಚಿ, ದೂರ ನೋಡಿ. ಪರದೆ ನಿಂತಿದೆ ಎನ್ನುತ್ತದೆ ಕಣ್ಣು, ಓಡುತ್ತಿದ್ದೇವೆ ಎನ್ನುತ್ತದೆ ಒಳಗಿವಿ.

ಓಡುವ ಬಸ್ಸಿನಲ್ಲಿ ತಿದ್ದುವುದನ್ನು ಪೂರ್ತಿ ಬಿಟ್ಟಿದ್ದೇನೆ. ಬೇಲೂರು ನಿಲ್ದಾಣದಲ್ಲಿ ಬಸ್ಸು ನಿಂತ ಹೊತ್ತಿನಲ್ಲಿ ‘ಬ’ ಇರುವ ಪದಗಳನ್ನು ಒಂದೊಂದಾಗಿ ಹುಡುಕಿ ನೋಡುತ್ತೇನೆ.