ಏನೂ ಸಿಗದಿರಲಿ ಅಂತ ಹುಡುಕುವ ಕೆಲಸ

ಗಂಗಾವತಿ ಬಸ್ ಸ್ಟ್ಯಾಂಡಿನಲ್ಲಿ ಕಲ್ಲು ಬೆಂಚಿನ ಕೆಳಗೆ ಒಂದು ಗೊಬ್ಬರದ ಚೀಲ. ಬಾಯಿಗೆ ಸುತಳಿ ಬಿಗಿದಿದೆ. ಸಂದಿಯಿಂದ ಮೂರು ವೈರ್ ಹೊರಗೆ ಇಣುಕುತ್ತಿವೆ: ಕೆಂಪು, ಹಳದಿ, ನೀಲಿ. ನಾವು ಕೊಪ್ಪಳದಿಂದ ಜೀಪಿನಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಜನ ಚೀಲದ ಸುತ್ತ ಜಾತ್ರೆ ಸೇರಿದ ಹಾಗೆ ಸೇರಿದ್ದರು. ಒಬ್ಬ ವಿಡಿಯೋ ಮಾಡುತ್ತಿದ್ದ. ಇನ್ನೊಬ್ಬ ಪುಣ್ಯಾತ್ಮ ಆಗಲೇ ಒಂದು ಕೊಡ ನೀರು ಸುರಿದಿದ್ದ. ಅದು ಯಾಕೆ ಅಂತ ಕೇಳಿದರೆ, "ಮದ್ದು ತೊಯ್ದ್ರ ಹೊಡಿಯಾಂಗಿಲ್ಲಲ್ರೀ" ಅಂದ.

ನಮಗೆ ಅರ್ಧ ಗಂಟೆ ಹಿಡಿದದ್ದು ಚೀಲ ನೋಡುವುದಕ್ಕಲ್ಲ, ಜನರನ್ನು ಹಿಂದೆ ಕಳಿಸುವುದಕ್ಕೆ. ಹಗ್ಗ ಕಟ್ಟಿ, ಬಸ್‌ಗಳನ್ನು ಹೊರಗೆ ನಿಲ್ಲಿಸಿ, ಅಂಗಡಿಯವರ ಕೈಕಾಲು ಹಿಡಿದು ಶಟರ್ ಇಳಿಸಿ ಮುಗಿಸುವಷ್ಟರಲ್ಲಿ ಒಬ್ಬ ಮುದುಕ ಹಗ್ಗದ ಕೆಳಗೆ ನುಸುಳಿ ಬಂದ. "ಏ ಸಾಹೇಬ್ರ, ಅದು ನಂದ್ರೀ! ಬೋರಿನ ಸ್ಟಾರ್ಟರ್! ರಿಪೇರಿಗೆ ತಂದೀನಿ, ಚಾ ಕುಡಿಯಾಕ ಹೋಗಿದ್ದೆ!"

ಕೆಂಪು, ಹಳದಿ, ನೀಲಿ. ಅದು ತ್ರೀ ಫೇಸ್ ಬಣ್ಣ. ನಮ್ಮ ಕಡೆ ಪಂಪ್‌ಸೆಟ್ ಇರುವ ಯಾವ ರೈತನಿಗಾದರೂ ನೋಡಿದ ತಕ್ಷಣ ಹೊಳೆಯುತ್ತಿತ್ತು. ನಮ್ಮ ತಂಡದಲ್ಲಿ ಮೂವರು ರೈತರ ಮಕ್ಕಳೇ ಇದ್ದೆವು, ಒಬ್ಬರಿಗೂ ಹೊಳೆಯಲಿಲ್ಲ. ಹೆದರಿದಾಗ ಮನುಷ್ಯನಿಗೆ ತನ್ನ ಮನೆಯ ಸಾಮಾನೂ ಗುರುತು ಸಿಗಲ್ಲ ನೋಡಿ. ಹಾಗಂತ ಅವನ ಮಾತು ನಂಬಿ ಚೀಲ ಎತ್ತಿ ಕೊಡಲಿಲ್ಲ. ಅವನನ್ನು ದೂರ ಕೂರಿಸಿ, ಒಳಗೆ ಏನೇನಿದೆ ಅಂತ ಒಂದೊಂದಾಗಿ ಹೇಳಿಸಿ, ಆಮೇಲೆ ಉದ್ದ ಹಗ್ಗಕ್ಕೆ ಕೊಕ್ಕೆ ಹಾಕಿ ಚೀಲವನ್ನು ದೂರದಿಂದ ಎಳೆದು ಉರುಳಿಸಿ, ಕೊನೆಗೆ ಬಿಚ್ಚಿದೆವು. ಸ್ಟಾರ್ಟರ್ ಪೂರಾ ತೊಯ್ದಿತ್ತು. ಮುದುಕ ನೀರು ಹಾಕಿದವನನ್ನು ಹುಡುಕಿ ಹುಡುಕಿ ಬೈದ.

ನಾನು ಪೊಲೀಸ್ ಇಲಾಖೆಯ ಜಿಲ್ಲಾ ಸಶಸ್ತ್ರ ಮೀಸಲು ಪಡೆಯವನು. ಡಿಎಆರ್ ಅಂತಾರಲ್ಲ, ಅದು. ಅದರೊಳಗೆ ಎಎಸ್‌ಸಿ ತಂಡ ಅಂತ ಒಂದಿರುತ್ತದೆ. ಜನರ ಬಾಯಲ್ಲಿ ಬಾಂಬ್ ಸ್ಕ್ವಾಡ್, ನಮ್ಮ ಭಾಷೆಯಲ್ಲಿ "ಎಎಸ್ ಚೆಕ್‌ನವರು". ಪೂರ್ತಿ ಹೆಸರು ಆಂಟಿ ಸಬೋಟಾಜ್ ಚೆಕ್. ನಾನು ಅದರಲ್ಲಿ ನಾಯಿ ಹ್ಯಾಂಡ್ಲರ್. ನಮ್ಮದು ಹುಡುಕುವ ಕೆಲಸ. ನಿಜವಾಗಿ ಏನಾದರೂ ಸಿಕ್ಕರೆ ನಿಷ್ಕ್ರಿಯ ಮಾಡುವುದಕ್ಕೆ ಅದರಲ್ಲೇ ಪಳಗಿದ ತಂಡ ಬರಬೇಕು. ಹಾಗಾಗಿ "ಕೆಂಪು ವೈರ್ ಕಟ್ ಮಾಡ್ತೀರೋ ನೀಲಿದೋ" ಅಂತ ಮದುವೆ ಮನೆಗಳಲ್ಲಿ ಕೇಳುವವರಿಗೆ ನನ್ನ ಉತ್ತರ: ಇಷ್ಟು ವರ್ಷದಲ್ಲಿ ನಾನು ಕಟ್ ಮಾಡಿದ್ದು ಹೂವಿನ ಹಾರದ ದಾರ ಮಾತ್ರ. ವಿಐಪಿಗೆ ಹಾಕುವ ಹಾರದ ಬುಟ್ಟಿಯನ್ನೂ ತಳದವರೆಗೆ ನೋಡಬೇಕಾಗುತ್ತದೆ.

ಶುರುವಿನಲ್ಲಿ ನಾನೂ ಒಂದು ದಡ್ಡತನ ಮಾಡಿದ್ದೇನೆ. ತಂಡಕ್ಕೆ ಬಂದು ಎರಡು ತಿಂಗಳಾಗಿತ್ತು. ಒಂದು ಕಚೇರಿಯ ಮೆಟ್ಟಿಲ ಕೆಳಗೆ ಯಾರದೋ ಸ್ಕೂಲ್ ಬ್ಯಾಗ್ ಇತ್ತು. ಬೆಳಗ್ಗೆಯಿಂದ ಅದು ಹನ್ನೊಂದನೆಯದೋ ಹನ್ನೆರಡನೆಯದೋ ಬ್ಯಾಗ್. ಸುಸ್ತಾಗಿತ್ತು. "ಇದೂ ಅದೇ" ಅಂದುಕೊಂಡು ಹಿಡಿಕೆ ಹಿಡಿದು ಎತ್ತಿಬಿಟ್ಟೆ. ಒಳಗೆ ಪುಸ್ತಕ, ಒಂದು ಜಾಮಿಟ್ರಿ ಬಾಕ್ಸ್. ನಮ್ಮ ಹಿರಿಯರು ಬೈಯಲಿಲ್ಲ. ಬ್ಯಾಗನ್ನು ನನ್ನ ಕೈಯಿಂದ ತೆಗೆದುಕೊಂಡು ಅದೇ ಜಾಗದಲ್ಲಿ ವಾಪಸ್ ಇಟ್ಟರು. "ಈಗ ಮೊದಲಿಂದ ಮಾಡು" ಅಂದರು. ಹತ್ತಿರ ಹೋಗದೆ ಸುತ್ತ ನೋಡುವುದು, ಯಾರದು ಅಂತ ವಿಚಾರಿಸುವುದು, ಜನರನ್ನು ಕಳಿಸುವುದು, ಎಲ್ಲ. ಜಾಮಿಟ್ರಿ ಬಾಕ್ಸ್ ಇದೆ ಅಂತ ಗೊತ್ತಿರುವ ಬ್ಯಾಗಿಗೆ ಅವತ್ತು ಒಂದೂವರೆ ಗಂಟೆ ಕೆಲಸ ಮಾಡಿದೆ. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಬೆದರಿಕೆ ಕರೆ, ಈಮೇಲ್ ಬಂದಾಗ ಕಟ್ಟಡ ಹುಡುಕುವುದು ಬೇರೆಯೇ ಕಥೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ ಅರವತ್ತಕ್ಕೂ ಹೆಚ್ಚು ಶಾಲೆಗಳಿಗೆ ಒಂದೇ ಬೆಳಗ್ಗೆ ಈಮೇಲ್ ಬಂತಲ್ಲ, ಎಲ್ಲ ಹುಸಿ. 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ಸ್ಫೋಟ ಆದಾಗ ಮೊದಲೇ ಯಾವ ಈಮೇಲೂ ಬರಲಿಲ್ಲ. ಬ್ಯಾಗ್ ಇಟ್ಟವನು ಇಟ್ಟು ಹೋದ, ಅಷ್ಟೇ. ಹೇಳಿ ಇಡುವವರು ಕಡಿಮೆ ಅಂತ ನಮಗೂ ಗೊತ್ತು. ಆದರೂ ಪ್ರತಿ ಈಮೇಲಿಗೂ ಹೋಗಲೇಬೇಕು, ಹೋದ ಮೇಲೆ ಪೂರ್ತಿ ಹುಡುಕಲೇಬೇಕು. ಅರ್ಧ ಹುಡುಕಿ "ಕ್ಲಿಯರ್" ಅಂತ ಬರೆದುಕೊಡುವುದಕ್ಕಿಂತ ಮನೆಯಲ್ಲಿ ಮಲಗುವುದೇ ವಾಸಿ.

ಕೋಣೆಗೆ ಹೋದರೆ ಮೊದಲು ಏನೂ ಮುಟ್ಟಲ್ಲ. ಫ್ಯಾನ್ ಹಾಕಲ್ಲ, ಲೈಟ್ ಹಾಕಲ್ಲ, ಹಾಕಿದ್ದರೆ ಆರಿಸಲ್ಲ. ಸುಮ್ನೆ ನಿಂತು ಕಿವಿಗೊಡುತ್ತೇವೆ. ಆಮೇಲೆ ಕೋಣೆಯನ್ನು ಕಣ್ಣಲ್ಲೇ ಅಡ್ಡಡ್ಡ ಸೀಳುತ್ತೇವೆ. ನೆಲದಿಂದ ಸೊಂಟದವರೆಗೆ ಒಂದು ಸುತ್ತು. ಸೊಂಟದಿಂದ ತಲೆಯವರೆಗೆ ಇನ್ನೊಂದು. ತಲೆಯಿಂದ ಸೀಲಿಂಗ್‌ವರೆಗೆ ಮತ್ತೊಂದು. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಶುರು ಮಾಡಿದರೆ ಗೋಡೆಗುಂಟ ಹೋಗಿ ಎದುರು ಬದಿಯಲ್ಲಿ ಸಿಗುತ್ತೇವೆ. ಮೆಟಲ್ ಡಿಟೆಕ್ಟರ್, ಗಾಡಿ ಕೆಳಗೆ ನೋಡುವ ಗಾಲಿ ಕನ್ನಡಿ, ಉದ್ದ ಕೋಲಿನ ಟಾರ್ಚ್ ಎಲ್ಲ ಇರುತ್ತವೆ. ಸರ್ಕಾರಿ ಕಚೇರಿಯಲ್ಲಿ ಮೆಟಲ್ ಡಿಟೆಕ್ಟರ್ ಕೂಗುವುದಕ್ಕೆ ಲೆಕ್ಕವೇ ಇಲ್ಲ ಬಿಡಿ. ಬೀರು, ಕುರ್ಚಿ, ಕಡತಗಳ ಪಿನ್ನು, ಎಲ್ಲ ಕಬ್ಬಿಣವೇ.

ಆದರೆ ಇವೆಲ್ಲಕ್ಕಿಂತ ನನಗೆ ನಂಬಿಕೆ ಇರುವುದು ಕಸ ಗುಡಿಸುವವರ ಮೇಲೆ. ಒಂದು ಕಚೇರಿಯಲ್ಲಿ ಸಾಹೇಬರು ರೆಕಾರ್ಡ್ ರೂಮ್ ತೋರಿಸಿ "ಇಲ್ಲಿ ಎಲ್ಲ ಹಳೆಯದೇ" ಅಂದರು. ಗುಡಿಸುವ ಅಮ್ಮನನ್ನು ಕೇಳಿದೆ. "ಆ ಮೂಲ್ಯಾಗಿನ ಡಬ್ಬಿ ನಿನ್ನೆ ಇರ್ಲಿಲ್ರೀ" ಅಂದಳು. ನೋಡಿದರೆ ಪೇಂಟ್ ಕೆಲಸದವರು ಹಿಂದಿನ ಸಂಜೆ ಬಿಟ್ಟುಹೋದ ಥಿನ್ನರ್ ಡಬ್ಬಿ. ಏನೂ ಅಲ್ಲ ಅನ್ನಿ. ಆದರೆ ಆ ಕಟ್ಟಡದಲ್ಲಿ "ನಿನ್ನೆ ಇರಲಿಲ್ಲ" ಅಂತ ಹೇಳಬಲ್ಲ ಜೀವ ಅದೊಂದೇ ಇತ್ತು.

ವಿಐಪಿ ಬಂದೋಬಸ್ತಿನಲ್ಲಿ ಕಷ್ಟ ಹುಡುಕುವುದರಲ್ಲಿಲ್ಲ, ಹುಡುಕಿದ ಮೇಲೆ ಇದೆ. ಸ್ಟೇಜು, ಸೋಫಾ, ಮೈಕಿನ ಡಬ್ಬ, ಹೆಲಿಪ್ಯಾಡ್ ಎಲ್ಲ ನೋಡಿ ಮುಗಿಸಿ, ಕಾವಲಿನವರಿಗೆ ಒಪ್ಪಿಸುತ್ತೇವೆ. ಅಲ್ಲಿಂದ ಆ ಜಾಗಕ್ಕೆ ಹೊಸದಾಗಿ ಒಂದು ನೀರಿನ ಬಾಟಲಿ ಹೋದರೂ ನಮ್ಮ ಕೈದಾಟಿಯೇ ಹೋಗಬೇಕು. ಐದು ನಿಮಿಷ ಕಾವಲು ತಪ್ಪಿದರೆ ಎರಡು ಗಂಟೆಯ ಕೆಲಸ ನೀರಲ್ಲಿ ಹೋಮ. ಒಮ್ಮೆ ಎಲ್ಲ ಮುಗಿದ ಮೇಲೆ ಶಾಮಿಯಾನದವನು ಇನ್ನೊಂದು ಸೋಫಾ ತಂದು ಹಾಕಿದ್ದ, "ಸಾಹೇಬ್ರಿಗೆ ಇದು ಛಂದ ಕಾಣ್ತೈತಿ" ಅಂತ. ಮತ್ತೆ ಮೊದಲಿಂದ. ಅವನಿಗೂ ನನಗೂ ಅವತ್ತಿನಿಂದ ಮಾತಿಲ್ಲ.

ಇನ್ನು ನಾಯಿ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಅದೂ ಇಲಾಖೆಯ ಸಿಬ್ಬಂದಿಯೇ, ಹೆಸರು ಹಾಕಿದರೆ ನಾನು ಯಾರು ಅಂತ ಊರಿಗೆಲ್ಲ ತಿಳಿಯುತ್ತದೆ. ನಾನು ಅವಳನ್ನು ಹುಡುಗಿ ಅಂತ ಕರೆಯುತ್ತೇನೆ. ಲ್ಯಾಬ್ರಡಾರ್. ಬೆಂಗಳೂರಿನ ಆಡುಗೋಡಿಯಲ್ಲಿ ಇಬ್ಬರೂ ಒಟ್ಟಿಗೆ ತರಬೇತಿ ಮುಗಿಸಿದವರು. ಪಕ್ಕದಲ್ಲೇ ಮುಧೋಳ ಇದೆಯಲ್ಲ, ಆ ನಾಯಿ ಯಾಕಿಲ್ಲ ಅಂತ ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ಮುಧೋಳ ನಾಯಿ ಕಣ್ಣಲ್ಲಿ ಬೇಟೆ ಹಿಡಿದು ಓಡುವ ಜಾತಿ. ನಮಗೆ ಬೇಕಾದದ್ದು ಓಟವಲ್ಲ, ಮೂಗು.

ನಾಯಿಗೆ ಬಾಂಬ್ ಅಂದರೆ ಏನಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಇಷ್ಟೇ: ಕೆಲವು ವಾಸನೆಗಳಿವೆ, ಅವು ಸಿಕ್ಕಲ್ಲಿ ಸುಮ್ಮನೆ ಕೂತರೆ ಚೆಂಡು ಸಿಗುತ್ತದೆ. ಕೂರಬೇಕು. ಬೊಗಳಬಾರದು, ಕಾಲಲ್ಲಿ ಕೆರೆಯಬಾರದು. ಕಳ್ಳರ ಜಾಡು ಹಿಡಿಯುವ ನಾಯಿಯ ತರಬೇತಿಯೇ ಬೇರೆ, ಇದರದೇ ಬೇರೆ. ಕೊಪ್ಪಳದ ಬಿಸಿಲಿನಲ್ಲಿ ಇನ್ನೊಂದು ತೊಂದರೆ ಇದೆ. ಬಾಯಿ ತೆರೆದು ಏದುಸಿರು ಬಿಡುವ ನಾಯಿ ಸರಿಯಾಗಿ ಮೂಸಲಾರದು. ಏಪ್ರಿಲ್, ಮೇನಲ್ಲಿ ನಲವತ್ತು ಡಿಗ್ರಿ ದಾಟಿದಾಗ ಇಪ್ಪತ್ತು ನಿಮಿಷಕ್ಕೇ ಸಾಕಾಗುತ್ತದೆ. ಟಾರ್ ರಸ್ತೆಯಲ್ಲಿ ಪಾದ ಸುಡುತ್ತದೆ. ನನ್ನ ಅಂಗೈಯನ್ನು ರಸ್ತೆಗೆ ಒತ್ತಿ ಹಿಡಿದು ನೋಡುತ್ತೇನೆ. ನನಗೆ ತಡೆಯಲಾಗದಿದ್ದರೆ ಅವಳನ್ನು ಇಳಿಸುವುದಿಲ್ಲ, ಯಾವ ಸಾಹೇಬರು ಹೇಳಿದರೂ. (ತರಬೇತಿಯಲ್ಲಿ ಒಮ್ಮೆ ಬಾಂಬ್ ಸೂಟ್ ಹಾಕಿಕೊಂಡಿದ್ದೆ. ಹತ್ತಿರ ಹತ್ತಿರ ಒಂದು ಸಿಮೆಂಟ್ ಚೀಲ ಹೊತ್ತಷ್ಟು ಭಾರ. ಹತ್ತು ನಿಮಿಷಕ್ಕೆ ಬನಿಯನ್ ಹಿಂಡಿದರೆ ನೀರು. ಅವತ್ತಿನಿಂದ ನಾಯಿಯ ಕಷ್ಟ ಸ್ವಲ್ಪ ಜಾಸ್ತಿ ಅರ್ಥವಾಯಿತು.)

ಅವಳಿಗೆ ದೊಡ್ಡ ಪರೀಕ್ಷೆ ಅಂದರೆ ಜನವರಿಯ ಗವಿಮಠದ ಜಾತ್ರೆ. ಲಕ್ಷಗಟ್ಟಲೆ ಜನ. ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರ್‌ಗಳಲ್ಲಿ ಜೋಳದ ರೊಟ್ಟಿ ಬರುತ್ತದೆ. ದಾಸೋಹದ ಮನೆಯಲ್ಲಿ ಕೊಪ್ಪರಿಗೆಗಳು ಕುದಿಯುತ್ತಿರುತ್ತವೆ. ಲಕ್ಷಗಟ್ಟಲೆ ಮಿರ್ಚಿ ಕರಿಯುವ ದಿನವಂತೂ ಕೊಪ್ಪಳಕ್ಕೆ ಕೊಪ್ಪಳವೇ ಎಣ್ಣೆ ವಾಸನೆ. ಆ ರೊಟ್ಟಿ ರಾಶಿಯ ಸಾಲಿನಲ್ಲಿ ಅವಳು ಮೂಗು ಆಡಿಸುತ್ತಾ ಹೋಗುವುದನ್ನು ನೋಡಬೇಕು. ಜೊಲ್ಲು ಎಳೆ ಎಳೆಯಾಗಿ ಇಳಿಯುತ್ತಿರುತ್ತದೆ, ಮೂಗು ಮಾತ್ರ ಕೆಲಸದಲ್ಲೇ ಇರುತ್ತದೆ. ರೊಟ್ಟಿ ತಂದ ಅವ್ವಂದಿರು "ಪಾಪ, ಒಂದು ರೊಟ್ಟಿ ಹಾಕ್ರೋ ಅದಕ್ಕ" ಅಂತ ನನಗೇ ಬೈಯುತ್ತಾರೆ. ನನ್ನ ಕೈಯಿಂದ ಬಿಟ್ಟು ಬೇರೆ ಎಲ್ಲಿಂದಲೂ ಅವಳು ತಿನ್ನುವ ಹಾಗಿಲ್ಲ ಅಂತ ಅವರಿಗೆ ಹೇಳಿ ಒಪ್ಪಿಸಲು ಆಗಿಲ್ಲ ಇವತ್ತಿಗೂ.

ಎಲ್ಲೂ ಏನೂ ಸಿಗದೇ ಇದ್ದರೆ ನಾಯಿಗೆ ಬೇಜಾರಾಗುತ್ತದೆ. ಹತ್ತು ಚೆಕ್ ಮಾಡಿದರೂ ಚೆಂಡು ಇಲ್ಲ ಅಂದರೆ ಹನ್ನೊಂದನೆಯದಕ್ಕೆ ಮೂಗು ಸಡಿಲ. ಅದಕ್ಕೇ ಮಧ್ಯೆ ಮಧ್ಯೆ ನಾವೇ ಅಭ್ಯಾಸದ ಸ್ಯಾಂಪಲ್ ಅಡಗಿಸಿಟ್ಟು ಅವಳಿಗೆ ಸಿಗುವ ಹಾಗೆ ಮಾಡುತ್ತೇವೆ. ಮನುಷ್ಯರಿಗೆ ಹಾಗೆ ಅಡಗಿಸಿಡುವವರು ಯಾರೂ ಇಲ್ಲ.

ನಮ್ಮ ಸೀಮೆಯಲ್ಲಿ ಸ್ಫೋಟಕ ಅಂದರೆ ಜಾಸ್ತಿ ಕಲ್ಲಿನ ಕೆಲಸದ ಸಂಬಂಧವೇ. ಕುಷ್ಟಗಿ ಕಡೆ ಗ್ರಾನೈಟ್, ಆ ಕಡೆ ಸಂಡೂರಿನ ಗಣಿ, ಈ ಕಡೆ ಹಟ್ಟಿಯ ಚಿನ್ನದ ಗಣಿ. ಲೈಸೆನ್ಸ್ ಇದ್ದು, ಲೆಕ್ಕ ಇಟ್ಟು ಬಳಸುವವರಿಂದ ತೊಂದರೆ ಇಲ್ಲ. ಉಳಿದದ್ದನ್ನು ಕದ್ದುಮುಚ್ಚಿ ಇಡುವವರದ್ದೇ ಭಯ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಅದಾದ ಮರು ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ, ಎರಡೂ ಕಡೆ ಕ್ವಾರಿಯ ಸ್ಫೋಟಕ ಸಿಡಿಯಿತು. ಹಿರೇನಾಗವಲ್ಲಿಯಲ್ಲಿ ಆರು ಜನ ಹೋದರು. ಕುರಿ ಕಾಯುವವರಿಗೆ ನಾನು ಸಿಕ್ಕಲ್ಲೆಲ್ಲ ಹೇಳುತ್ತೇನೆ: ಕ್ವಾರಿ ಹತ್ತಿರ ಮೇಣದಬತ್ತಿಯಂಥದ್ದೋ, ವೈರ್ ಇರುವ ಸಣ್ಣ ಕೊಳವೆಯೋ ಕಂಡರೆ ಮುಟ್ಟಬೇಡಿ, 112ಕ್ಕೆ ಫೋನ್ ಮಾಡಿ.

ಅದಕ್ಕಿಂತಲೂ ನನಗೆ ಕೋಪ ಬರುವುದು ಹಂದಿ ಮದ್ದಿನ ಮೇಲೆ. ಕಾಡುಹಂದಿ ಮೆಕ್ಕೆಜೋಳ ಹಾಳು ಮಾಡುತ್ತದೆ ಅಂತ, ಇಲ್ಲ ಮಾಂಸದ ಆಸೆಗೆ, ತಿನ್ನುವ ಪದಾರ್ಥದೊಳಗೆ ಸಿಡಿಮದ್ದು ಇಡುತ್ತಾರೆ. ಕಚ್ಚಿದರೆ ಸಿಡಿಯುತ್ತದೆ. ಕಾನೂನಿನಲ್ಲಿ ಅಪರಾಧ. ಹಂದಿಯೇ ಬಂದು ಕಚ್ಚಬೇಕು ಅಂತ ಅದಕ್ಕೇನು ಗೊತ್ತು? ಕನಕಗಿರಿ ಕಡೆಯ ಒಂದು ಹಳ್ಳಿಯಲ್ಲಿ ಎಮ್ಮೆಯೊಂದು ಕಚ್ಚಿತ್ತು. ಕೆಳದವಡೆ ಇರಲಿಲ್ಲ. ಎಮ್ಮೆ ಇನ್ನೂ ನಿಂತೇ ಇತ್ತು, ಮನೆಯಾಕೆ ಅದರ ಕೊರಳು ತಬ್ಬಿ ನಿಂತಿದ್ದಳು. ಆ ಚಿತ್ರ ಇಲ್ಲಿಗೇ ಬಿಡುತ್ತೇನೆ.

ಇನ್ನೂ ಎಷ್ಟು ಇಟ್ಟಿದ್ದಾರೋ ಗೊತ್ತಿಲ್ಲ, ಬದು ಪೂರ್ತಿ ನೋಡಿ ಅಂತ ನಮಗೆ ಹೇಳಿದರು. ಬೆಳಗಿನ ಆರೂವರೆ, ತಂಪು ಹೊತ್ತು. ಬದುವಿನ ಹುಲ್ಲಲ್ಲಿ ಮೆಟಲ್ ಡಿಟೆಕ್ಟರಿಗೆ ಇದು ಸಿಗುವಂಥದ್ದಲ್ಲ. ನಾಯಿಯೇ ಗತಿ. ಆದರೆ ಇಲ್ಲಿ ವಾಸನೆಯೂ ಅದರದ್ದೇ, ಊಟವೂ ಅದರದ್ದೇ. ಉದ್ದ ಹಗ್ಗದಲ್ಲಿ ಬಿಟ್ಟೆ. ಅಷ್ಟು ವರ್ಷದಲ್ಲಿ ನನಗೆ ಕೈ ನಡುಗಿದ್ದು ಅದೊಂದೇ ದಿನ.

ಜಾಲಿ ಗಿಡದ ಬುಡದಲ್ಲಿ ಅವಳ ಬಾಲ ನಿಂತಿತು. ಮೂಗು ಒಂದು ಸಲ ಮುಂದೆ ಹೋಯಿತು, ಹಿಂದೆ ಬಂತು. ನಿಂಬೆಹಣ್ಣಿನಷ್ಟು ಒಂದು ಉಂಡೆ, ಮೇಲೆ ಇರುವೆ ಸಾಲು. ಒಂದು ಮೊಳ ದೂರದಲ್ಲಿ ಅವಳು ಕೂತಳು. ಜೊಲ್ಲು ಸುರಿಯುತ್ತಿದೆ, ಕಣ್ಣು ಮಾತ್ರ ನನ್ನ ಮೇಲೆ.

ಚೆಂಡಿಗೆ ಜೇಬಿಗೆ ಕೈ ಹಾಕಿದೆ. ಇಲ್ಲ. ಜೀಪಿನಲ್ಲೇ ಬಿಟ್ಟು ಬಂದಿದ್ದೆ. ಜೀಪು ಹಳ್ಳದ ಆಚೆ. ಕೂತ ನಾಯಿಗೆ ತಕ್ಷಣ ಕೂಲಿ ಕೊಡಬೇಕು, ತಡವಾದರೆ ತಪ್ಪು ಮಾಡಿದೆನೇನೋ ಅಂತ ಮತ್ತೆ ಮೂಸಲು ಹೋಗುತ್ತದೆ. ಅಲ್ಲೇ ಕೂತು ಎಡಗಾಲಿನ ಬೂಟು ಕಿತ್ತೆ, ಸಾಕ್ಸ್ ಉಂಡೆ ಸುತ್ತಿ ತೋರಿಸಿ, ನನ್ನ ಹಿಂದಕ್ಕೆ ದೂರ ಎಸೆದೆ. ಅವಳು ಉಂಡೆ ಬಿಟ್ಟು ಸಾಕ್ಸ್ ಹಿಂದೆ ಓಡಿದಳು.

ಅವತ್ತು ಅದೇ ಬದುವಿನಲ್ಲಿ ಇನ್ನೂ ಎರಡು ಸಿಕ್ಕವು. ಸುತ್ತ ಗುರುತು ಹಾಕಿ, ಮರಳು ಚೀಲ ಜೋಡಿಸಿ, ನಿಷ್ಕ್ರಿಯ ಮಾಡುವ ತಂಡ ಬರುವವರೆಗೆ ಹೊಲದಲ್ಲೇ ಕಾದೆವು. ಅಷ್ಟೊತ್ತಿಗೆ ಯಾರೋ ಜೀಪಿನಿಂದ ಚೆಂಡು ತಂದುಕೊಟ್ಟರು. ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ. ಕೊಪ್ಪಳ ಮುಟ್ಟುವವರೆಗೂ ಸಾಕ್ಸ್ ಬಾಯಲ್ಲೇ ಇತ್ತು, ನಾನು ಒಂದು ಕಾಲಿಗೆ ಬರೀ ಬೂಟು ಹಾಕಿಕೊಂಡೇ ಸಾಹೇಬರ ಮುಂದೆ ಹೋಗಿ ವರದಿ ಕೊಟ್ಟೆ.