"ಅರ್ಥ ಆಯ್ತಾ?" ಅನ್ನಬೇಡಿ, ವಾದಕ್ಕೆ ಬಿಡಿ

ಹಾಸನದಲ್ಲಿ ಕೂತು ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ಆನ್‌ಲೈನಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರೇ ಜಾಸ್ತಿ. ಪಾಠ ಮುಗಿಸಿ "ಅರ್ಥ ಆಯ್ತಾ?" ಅಂದರೆ ಚಾಟ್‌ನಲ್ಲಿ "ಎಸ್ ಮೇಡಂ" ಸಾಲುಸಾಲಾಗಿ ಬೀಳುತ್ತದೆ. ಅದರಿಂದ ನಮಗೆ ತಿಳಿಯುವುದು ಒಂದೇ: ಫೋನಿನಲ್ಲಿ ಇನ್ನೂ ಚಾರ್ಜ್ ಇದೆ. ಮಕ್ಕಳು ಪಾಠದ ಬಗ್ಗೆ ತಮ್ಮತಮ್ಮಲ್ಲೇ ಮಾತಾಡಬೇಕು ಅಂದರೆ, ಮಾತಾಡದೆ ಇರಲಾಗದಂಥ ಪ್ರಶ್ನೆ ಕೊಡಬೇಕು.

ಲೆಕ್ಕ ಬೇಡ, ವ್ಯಾಖ್ಯೆ ಬೇಡ. ಸುಮಾರು ಅರ್ಧ ಕ್ಲಾಸ್ ತಪ್ಪು ಹೇಳಬೇಕು, ಆ ತಪ್ಪಿಗೂ ಒಂದು ಕಾರಣ ಇರಬೇಕು. ನನ್ನದೊಂದು ಪ್ರಶ್ನೆ ಹೀಗಿದೆ. ಚಾರ್ಮಾಡಿ ಘಾಟಿಯ ತಿರುವು. ಬಸ್ಸಿನ ಸ್ಪೀಡೋಮೀಟರ್ ಮುಳ್ಳು 20ರಲ್ಲೇ ನಿಂತಿದೆ, ಅಲ್ಲಾಡುತ್ತಿಲ್ಲ. ಬಸ್ಸಿಗೆ ಆಕ್ಸಲರೇಶನ್ (ವೇಗೋತ್ಕರ್ಷ) ಇದೆಯಾ? ಇದ್ದರೆ ಮುಂದಕ್ಕಾ, ತಿರುವಿನ ಒಳಕ್ಕಾ, ಹೊರಕ್ಕಾ? "ಸ್ಪೀಡ್ ಬದಲಾಗಿಲ್ಲವಲ್ಲ, ಹಾಗಾದರೆ ಇಲ್ಲ" ಅನ್ನುವವರದು ಒಂದು ಗುಂಪು. ತಿರುವಿನಲ್ಲಿ ಪಕ್ಕದವರ ಮೇಲೆ ವಾಲಿ ಅಭ್ಯಾಸ ಇರುವವರು "ಹೊರಕ್ಕೆ" ಅನ್ನುತ್ತಾರೆ. ಸರಿ ಉತ್ತರ ಒಳಕ್ಕೆ, ಯಾಕೆಂದರೆ ಸ್ಪೀಡ್ ಅಷ್ಟೇ ಇದ್ದರೂ ಬಸ್ಸಿನ ದಿಕ್ಕು ತಿರುವಿನ ಒಳಕ್ಕೆ ಬದಲಾಗುತ್ತಿದೆ, ದಿಕ್ಕು ಬದಲಾದರೂ ಅದು ಆಕ್ಸಲರೇಶನ್ನೇ. ಇದನ್ನು ಆಗಲೇ ಬಾಯಿಬಿಡಬಾರದು.

ಈ ಕ್ರಮ ನಾನು ಕಂಡುಹಿಡಿದದ್ದಲ್ಲ. ಹಾರ್ವರ್ಡ್‌ನ ಫಿಸಿಕ್ಸ್ ಮೇಷ್ಟ್ರು ಎರಿಕ್ ಮಜೂರ್ 1990ರ ದಶಕದ ಶುರುವಿನಲ್ಲಿ ಆರಂಭಿಸಿದ್ದು, ಹೆಸರು ಪೀರ್ ಇನ್‌ಸ್ಟ್ರಕ್ಷನ್, ಅಂದರೆ ಮಕ್ಕಳು ಒಬ್ಬರಿಗೊಬ್ಬರು ಕಲಿಸಿಕೊಳ್ಳುವುದು. ಮೊದಲು ಒಬ್ಬೊಬ್ಬರೇ ಉತ್ತರ ಕೊಡಬೇಕು. ಆಮೇಲೆ ಪಕ್ಕದವರ ಜೊತೆ ವಾದ. ಮತ್ತೆ ಉತ್ತರ. ಮೊದಲ ಸಲ ಸುಮಾರು 30ರಿಂದ 70 ಪರ್ಸೆಂಟ್ ಮಕ್ಕಳು ಸರಿ ಹೇಳಿದ್ದರೆ ಮಾತ್ರ ವಾದಕ್ಕೆ ಬಿಡಿ. ಅದಕ್ಕಿಂತ ಕಮ್ಮಿ ಬಂದರೆ ಪಾಠವನ್ನೇ ಇನ್ನೊಮ್ಮೆ ಮಾಡಿ. ಜಾಸ್ತಿ ಬಂದರೆ ಎರಡು ಮಾತು ಹೇಳಿ ಮುಂದೆ ಹೋಗಿ.

ಆನ್‌ಲೈನಿನಲ್ಲಿ ಒಂದು ಕಾಟ ಇದೆ. ಮೊದಲು ಟೈಪ್ ಮಾಡಿದ ಜಾಣನ ಉತ್ತರವನ್ನೇ ಉಳಿದವರು ಕಾಪಿ ಹೊಡೆಯುತ್ತಾರೆ. ಅದಕ್ಕೆ, ಟೈಪ್ ಮಾಡಿಟ್ಟುಕೊಳ್ಳಿ, ಕಳಿಸಬೇಡಿ ಅನ್ನಿ. ಒಂದು, ಎರಡು, ಮೂರು ಎಣಿಸಿದ ಮೇಲೆ ಎಲ್ಲರೂ ಒಟ್ಟಿಗೆ ಒತ್ತಲಿ. ಎಣಿಸುವ ಮೊದಲು ಸುಮ್ನಿರಿ. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, 3 ಸೆಕೆಂಡ್ ಕಾದರೆ ಮಕ್ಕಳು ಹೆಚ್ಚು ಹೇಳುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತೋರಿಸಿದ್ದರು. ಮಲೆನಾಡಿನ ನೆಟ್‌ವರ್ಕಿಗೆ ಮೂರು ಸೆಕೆಂಡ್ ಎಲ್ಲಿ ಸಾಕು? ನಾನು ಅರ್ಧ ಲೋಟ ಕಾಫಿ ಮುಗಿಸುವಷ್ಟು ಹೊತ್ತು ಕೊಡುತ್ತೇನೆ.

ವಾದಕ್ಕೆ ಝೂಮ್‌ನ ಬ್ರೇಕ್‌ಔಟ್ ರೂಮ್, ಅಂದರೆ ಕ್ಲಾಸನ್ನು ಸಣ್ಣ ಗುಂಪು ಮಾಡಿ ಬೇರೆ ಬೇರೆ ಕೂರಿಸುವ ಸೌಲಭ್ಯ, ಸಾಕು. ಮೂವರಂತೆ ಹಾಕಿ. ಇಬ್ಬರೇ ಇದ್ದರೆ, ಕೊಟ್ಟಿಗೆಹಾರದಲ್ಲಿ ಕರೆಂಟ್ ಹೋದಾಗ ಇನ್ನೊಬ್ಬ ಗೋಡೆ ನೋಡುತ್ತಾ ಕೂರಬೇಕು. ಐವರಾದರೆ ಇಬ್ಬರು ಮಾತಾಡುತ್ತಾರೆ, ಮೂವರು ಊಟಕ್ಕೆ ಏಳುತ್ತಾರೆ! ಬೇರೆ ಬೇರೆ ಉತ್ತರ ಕೊಟ್ಟವರನ್ನೇ ಒಂದು ರೂಮಿಗೆ ಸೇರಿಸಿ, ಇಲ್ಲದಿದ್ದರೆ ವಾದವೇ ಹುಟ್ಟುವುದಿಲ್ಲ. ಫ್ರೀ ಝೂಮ್ 40 ನಿಮಿಷಕ್ಕೆ ಕಟ್ ಆಗುತ್ತದೆ, ಹಾಗಾಗಿ ಕ್ಲಾಸಿಗೆ ಇಂಥದ್ದು ಒಂದೇ ಪ್ರಶ್ನೆ. ಕ್ಯಾಮೆರಾ ಹಾಕಿ ಅಂತ ಹಟ ಬೇಡ. ಡೇಟಾ ಖಾಲಿಯಾಗುತ್ತದೆ, ಮನೆಯೊಳಗನ್ನು ತೋರಿಸಲು ಮನಸ್ಸಿಲ್ಲದ ಮಕ್ಕಳೂ ಇರುತ್ತಾರೆ.

ವಾಪಸ್ ಬಂದ ಮೇಲೆ "ನಿನ್ನ ಉತ್ತರ ಏನು?" ಅನ್ನಬೇಡಿ. "ನಿನ್ನ ರೂಮಿನವನು ಏನಂದ? ಯಾಕೆ ಹಾಗಂದ?" ಅಂತ ಕೇಳಿ. ಶುರುವಿನಲ್ಲಿ ತಡಬಡಾಯಿಸುತ್ತಾರೆ. ಹೇಗೂ ಇದನ್ನೇ ಕೇಳುತ್ತಾರೆ ಅಂತ ಗೊತ್ತಾದ ಮೇಲೆ ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಳ್ಳುತ್ತಾರೆ. "ಮೇಡಂ, ಅವನು ಹೊರಕ್ಕೆ ಅಂದ, ಬಸ್ಸಲ್ಲಿ ಬಾಗಿಲ ಕಡೆ ತಳ್ಳಿದ ಹಾಗೆ ಆಗುತ್ತಲ್ಲ ಅದಕ್ಕೆ. ಆದ್ರೆ ನಮ್ಮನ್ನ ಯಾರೂ ತಳ್ತಿಲ್ಲ, ನಾವು ನೇರ ಹೋಗೋಕೆ ನೋಡ್ತೀವಿ, ಬಸ್ಸು ತಿರುಗುತ್ತೆ." ಇಷ್ಟು ಒಬ್ಬಳು ಹೇಳಿದರೆ ನನ್ನ ಅರ್ಧ ಕೆಲಸ ಅವಳೇ ಮಾಡಿದಂತೆ, ಅಲ್ವಾ? ಈಗ ಎರಡನೇ ಸಲ ಉತ್ತರ ಕಳಿಸಲಿ. ಉಳಿದದ್ದನ್ನು ನೀವು ವಿವರಿಸಿ.

ರಾತ್ರಿ ವಾಟ್ಸಾಪ್‌ನಲ್ಲಿ ಅದೇ ಪ್ರಶ್ನೆ ಹಾಕಿ. ಕರೆಂಟ್ ಹೋಗಿ ಕ್ಲಾಸ್ ತಪ್ಪಿದವರೂ ಸೇರಿಕೊಳ್ಳುತ್ತಾರೆ. ಮೊದಲು ಏನಂದುಕೊಂಡಿದ್ದೆ, ಈಗ ಏನು, ಯಾಕೆ ಬದಲಾಯಿತು, ಒಂದು ನಿಮಿಷದೊಳಗಿನ ವಾಯ್ಸ್ ನೋಟ್. ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗಬೇಡಿ. ಎಲ್ಲರಿಗೂ ಉತ್ತರಿಸಲು ಆಗುವುದಿಲ್ಲ, ಇಬ್ಬರು ಮೂವರಿಗೆ ಸಾಕು. ಅವರದೇ ಮಾತು ಹಿಡಿದು ಮುಂದಿನ ಪ್ರಶ್ನೆ ಎಸೆಯಿರಿ: "ಬಸ್ಸಿಗೆ ರಸ್ತೆ ಇದೆ. ಭೂಮಿಯ ಸುತ್ತ ತಿರುಗುವ ಚಂದ್ರನನ್ನು ಒಳಕ್ಕೆ ಎಳೆಯುವುದು ಯಾವುದು?" ಉತ್ತರ ಮರುದಿನದ ಕ್ಲಾಸಿನಲ್ಲಿ ಅವರೇ ಹೇಳಲಿ.