ಜಗಲಿಗೆ ಗಾಜು ಹಾಕಿಸಿದ ಲೆಕ್ಕ

ಮಲೆನಾಡಿನ ಸಾಗರ ಪೇಟೆಯಿಂದ ಸ್ವಲ್ಪ ಒಳಗಿರುವ ನಮ್ಮ ಹೆಂಚಿನ ಮನೆಯ ಜಗಲಿ 22 ಅಡಿ ಉದ್ದ, 7 ಅಡಿ ಅಗಲ. ಮೇ ಕೊನೆಗೆ ಮಳೆಗೆ ಅಡ್ಡವಾಗಿ ಅಡಿಕೆ ಸೋಗೆಯ ತಟ್ಟಿ ಕಟ್ಟಿಸುವುದು, ದೀಪಾವಳಿಗೆ ಬಿಚ್ಚಿಸುವುದು ಅಪ್ಪನ ಕಾಲದ ಪದ್ಧತಿ. ಸೋಗೆ ನಮ್ಮ ತೋಟದ್ದೇ ಆದರೂ ಬಿದಿರು, ಇಬ್ಬರ ಕೂಲಿ ಎಂದು ವರ್ಷಕ್ಕೆ 3,000 ರೂಪಾಯಿ ಹೋಗುತ್ತಿತ್ತು. ಅಷ್ಟು ಮಾಡಿಯೂ ಐದು ತಿಂಗಳು ಹಗಲಲ್ಲೇ ದೀಪ ಹಾಕಿ ಪೇಪರ್ ಓದಬೇಕು. ಪುನರ್ವಸು ಮಳೆ ಹಿಡಿದರೆ ಎರಚಲು ತಟ್ಟಿಯ ಸಂದಿಯಲ್ಲಿ ನುಗ್ಗಿ ಕಾವಿ ನೆಲ ಜಾರುತ್ತಿತ್ತು. ಅಮ್ಮ ಒಮ್ಮೆ ಜಾರಿದ ಮೇಲೆ, 2024ರ ಬೇಸಿಗೆಯಲ್ಲಿ ಗಾಜು ಹಾಕಿಸಿಯೇಬಿಡುವುದೆಂದು ಹೊರಟೆ.

ಜಗಲಿಯ ಮುಂಬದಿಯಲ್ಲಿ ಕಂಬಗಳ ನಡುವಿನ ಮೂರು ಅಂಕಣ, ಪಶ್ಚಿಮದ ಒಂದು ಅಂಕಣ. ಒಂದೊಂದು 7 ಅಡಿಗೆ 5 ಅಡಿ, ಒಟ್ಟು 140 ಚದರ ಅಡಿ. ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನವರು ಚದರ ಅಡಿಗೆ 850 ಹೇಳಿದರು. ಅಲ್ಯುಮಿನಿಯಂನವರು 560 ಎಂದರು. ಮುಂದೆ ಸೊಳ್ಳೆಜಾಲರಿ ಸಹಿತ ಸರಿಸುವ ಕಿಟಕಿ, ಪಶ್ಚಿಮಕ್ಕೆ ತೆರೆಯದ ಟಫನ್ಡ್ ಗಾಜು. 78,400, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 92,512. ಲಕ್ಷದೊಳಗೆ ಮುಗಿಯಿತೆಂದು ಖುಷಿಪಟ್ಟೆ. ಆ ಚೀಟಿಯಲ್ಲಿ ಇದ್ದದ್ದು ಕಿಟಕಿಯ ಬೆಲೆ ಮಾತ್ರ. ಕಿಟಕಿಗೂ ಹಳೆಯ ಮನೆಗೂ ನಡುವಿನ ಸಂದಿಗಳ ಬೆಲೆಯನ್ನು ಯಾರೂ ಬರೆದುಕೊಡುವುದಿಲ್ಲ.

ಮೊದಲ ಪೆಟ್ಟು ಕಂಬದಿಂದ ಬಂತು. ಅಳತೆಗೆ ಬಂದ ಹುಡುಗ ಟೇಪನ್ನು ಕಂಬದ ಬುಡದಲ್ಲಿ ಒಮ್ಮೆ ಹಿಡಿದು ಬರೆದುಕೊಂಡು ಹೋಗಿದ್ದ. ಅಜ್ಜನ ಕಾಲದ ಮರದ ಕಂಬ ತೂಕಗುಂಡಿಗೆ ನಿಂತಿರುತ್ತದೆಯೇ? ಎರಡು ಕಂಬಗಳ ನಡುವಿನ ಜಾಗ ಬುಡಕ್ಕಿಂತ ಮೇಲೆ ಒಂದೂಕಾಲು ಇಂಚು ಕಿರಿದು. ಚೌಕಟ್ಟನ್ನು ಗರಗಸದಲ್ಲಿ ಕುಯ್ದು ಕೂರಿಸಿದರು. ಆದರೆ ಟಫನ್ಡ್ ಗಾಜನ್ನು ಕಾಯಿಸಿ ಹದ ಮಾಡಿದ ಮೇಲೆ ಕುಯ್ಯಲು ಬರುವುದಿಲ್ಲ, ಕುಯ್ಯಲು ಹೋದರೆ ಇಡೀ ಹಾಳೆ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ಒಂದು ಹಾಳೆಯನ್ನು ಹೊಸದಾಗಿ ಮಾಡಿಸಿದ್ದಕ್ಕೆ ಸಾಗಣೆ ಸೇರಿ 4,800. ತಪ್ಪು ಯಾರದು ಎಂಬ ಜಗಳದಲ್ಲಿ ನಾನು ಸೋತೆ. ಬುಡ, ನಡು, ತುದಿ ಮೂರೂ ಕಡೆ, ಜೊತೆಗೆ ಮೂಲೆಯಿಂದ ಮೂಲೆಗೆ ಅಳೆಯದೆ ಗಾಜಿಗೆ ಹೇಳಬೇಡಿ.

ಎರಡನೆಯದು ಸೂರು. ತೊಲೆಗೂ ಹೆಂಚಿಗೂ ನಡುವೆ, ಹೆಂಚು ಹೊರುವ ಮರದ ಪಕಾಸಿಗಳ ಮಧ್ಯೆ ಒಂದು ಗೇಣು ಬಾಯಿ ತೆರೆದಿರುತ್ತದೆ. ಕೆಳಗೆ ಗಾಜು ಹಾಕಿ ಇದನ್ನು ಹಾಗೇ ಬಿಟ್ಟರೆ ಸೊಳ್ಳೆಗೆ ರಾಜಬೀದಿ. ಪೂರ್ತಿ ಮುಚ್ಚಿದರೆ ಬಿಸಿಗಾಳಿ ಹೋಗಲು ದಾರಿಯಿಲ್ಲ. ಬಡಗಿ ಆಚಾರರು ಪ್ರತಿ ಸಂದಿಗೂ ಹಲಗೆ ಕೊರೆದು, ನಡುವೆ ಜಾಲರಿ ಹೊಡೆದರು. 9,500. ದುಡ್ಡು ಕೊಟ್ಟು ಬೇಸರಪಡದ ಕೆಲಸ ಇದೊಂದೇ. ಸೂರಿನ ನೀರು ಗಾಜಿಗೆ ರಾಚದಂತೆ ತಗಡಿನ ದೋಣಿ, ಪೈಪು 11,400. ಕಿಟಕಿ ಕೂರುವ ಅರೆಗೋಡೆಯ ತಲೆಯನ್ನು ಹೊರಕ್ಕೆ ಇಳಿಜಾರು ಮಾಡಿ ಗಾರೆ ಹಾಕಿದ್ದು 14,000. ಬೆಳಕಿಗೆ 12 ಗಾಜಿನ ಹೆಂಚು 4,200. ವೈರಿಂಗ್, ಬಣ್ಣ 8,500. ಒಟ್ಟು 1,44,912 ರೂಪಾಯಿ.

ಇಷ್ಟಾಗಿಯೂ ಆರಿದ್ರಾ ಮಳೆಯ ಮೊದಲ ರಾತ್ರಿಯೇ ಜಗಲಿಯಲ್ಲಿ ನೀರು. ಟಾರ್ಚ್ ಹಿಡಿದು ನೋಡಿದರೆ ಕಿಟಕಿ ಸರಿಯುವ ಹಳಿಯಲ್ಲಿ ನೀರು ತುಂಬಿ, ನಿಧಾನವಾಗಿ ಒಳಗೆ ತುಳುಕುತ್ತಿತ್ತು. ಹಳಿಯ ಹೊರಬದಿಯಲ್ಲಿ ನೀರು ಹೋಗಲು ಅಕ್ಕಿಕಾಳಿನಷ್ಟು ಉದ್ದದ ತೂತುಗಳಿರುತ್ತವೆ. ಸೋರಬಾರದೆಂದು ಸಿಲಿಕಾನ್ ಬಳಿಯುವಾಗ ಆ ತೂತುಗಳನ್ನೂ ಸೇರಿಸಿ ಬಳಿದಿದ್ದರು! ಛತ್ರಿ ಹಿಡಿದು ಹೊರಗೆ ನಿಂತು, ಛತ್ರಿಯದೇ ಮುರಿದ ಕಡ್ಡಿಯಿಂದ ಒಂದೊಂದನ್ನೇ ಚುಚ್ಚಿದೆ. ನೀರು ಗಳಗಳನೆ ಹೊರಗೆ ಬಿತ್ತು. ಖರ್ಚಿಲ್ಲದ ರಿಪೇರಿ ಅದೊಂದೇ.

ಮಳೆಗಾಲ ಚೆನ್ನಾಗಿಯೇ ಕಳೆಯಿತು. ಒದ್ದೆ ಬಟ್ಟೆ ಎರಡು ದಿನದಲ್ಲಿ ಒಣಗುತ್ತಿತ್ತು, ಓದಲು ದೀಪ ಬೇಕಾಗಲಿಲ್ಲ. ನೆಲದ ಮೇಲೆ ಹನಿ ನೀರಿಲ್ಲ. ಅಮ್ಮ ಮಾತ್ರ ಲೆಕ್ಕ ಹಾಕಿದಳು: "ಮಾಣಿ, ನೀನು ನಲವತ್ತೆಂಟು ವರ್ಷದ ತಟ್ಟಿಯನ್ನು ಒಂದೇ ಸಲ ಕಟ್ಟಿಸಿದೆ." ಅವಳ ಇನ್ನೊಂದು ದೂರಿಗೆ ನನ್ನಲ್ಲಿ ಉತ್ತರವಿಲ್ಲ. ದಾರಿಯಲ್ಲಿ ಹೋಗುವವರು ಮೊದಲು ಜಗಲಿ ಹತ್ತಿ ಎಲೆಅಡಿಕೆಯ ಕವಳ ಹಾಕಿ ಮಾತಾಡಿ ಹೋಗುತ್ತಿದ್ದರು; ಈಗ ಗಾಜಿನಾಚೆಯಿಂದ ಕೈಬೀಸಿ ಹೋಗುತ್ತಾರೆ.

ಮತ್ತೆ ಮಾಡಿಸುವುದಾದರೆ ಸರಿಸುವ ಕಿಟಕಿ ಬೇಡವೆನ್ನುತ್ತೇನೆ. ಎಷ್ಟು ಸರಿಸಿದರೂ ಅರ್ಧ ಅಂಕಣ ಗಾಜೇ ಆಗಿರುತ್ತದೆ, ಗಾಳಿ ಅರ್ಧ. ಕೀಲು ಹಾಕಿ ಪೂರ್ತಿ ತೆರೆಯುವಂಥದ್ದೇ ಮೇಲು. ಪಶ್ಚಿಮದ ಗಾಜಿನ ಬಗ್ಗೆ ನಾನು ಯೋಚಿಸಿರಲೇ ಇಲ್ಲ. ಮಾರ್ಚ್ ಬಂದೊಡನೆ ಮೂರು ಗಂಟೆಯ ಬಿಸಿಲು ಅಲ್ಲಿಂದ ಸೀದಾ ಒಳಗೆ ಬಿದ್ದು, ಸಂಜೆಯವರೆಗೆ ಕುರ್ಚಿ ಮುಟ್ಟುವಂತಿರಲಿಲ್ಲ. ಅಮ್ಮನಿಗೆ ಅನುಕೂಲವೇ ಆಯಿತು, ಹಲಸಿನ ಹಪ್ಪಳ ಒಂದೇ ದಿನಕ್ಕೆ ಒಣಗಿತು. ನಾನು ಕೊಟ್ಟಿಗೆಯ ಅಟ್ಟ ಹತ್ತಿ, ಬಿಸಾಡದೆ ಉಳಿದಿದ್ದ ಹಳೆಯ ತಟ್ಟಿಯೊಂದನ್ನು ಇಳಿಸಿ, ಆ ಗಾಜಿನ ಹೊರಗೆ ಕಟ್ಟಿದೆ.